ಓಝೋನ್ ಮಷಿನ್ ಹಾಕಿಸಿದರೆ ಬೋರ್ ನೀರಿನ ಫ್ಲೋರೈಡ್ ಹೋಗುತ್ತಾ? ಶನಿವಾರದೊಳಗೆ ಹೇಳಿ

ಜೋಳದರೊಟ್ಟಿ_ಕುಷ್ಟಗಿ
ಎಲ್ಲರಿಗೂ ನಮಸ್ಕಾರ. ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಮನೆಗೆ ಬೋರ್ ನೀರು. ಮೊನ್ನೆ ಒಬ್ಬರು ಬ್ಯಾಗ್ ಹಾಕಿಕೊಂಡು ಬಂದಿದ್ದರು, ಓಝೋನ್ ಮಷಿನ್ ಮಾರುವವರು. ಗೋಡೆಗೆ ಹಾಕುವ ಸಣ್ಣ ಡಬ್ಬಿ. ಅದಕ್ಕೊಂದು ಪೈಪು, ಪೈಪಿನ ತುದಿಗೆ ಕಲ್ಲಿನ ಗುಂಡು. ಕೊಡದೊಳಗೆ ಬಿಟ್ಟರೆ ಗುಳುಗುಳು ಗುಳ್ಳೆ ಬರುತ್ತದೆ.

ಮೊದಲು ಎರಡು ಲೋಟ ಇಟ್ಟರು. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವರೇ ತಂದ ಬಾಟಲಿ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಅದ್ದಿದರು. ಒಂದೇ ನಿಮಿಷ, ನಮ್ಮ ನೀರು ಚಹಾದ ಹಾಗೆ ಕೆಂಪಾಯಿತು. ಮೇಲೆ ಹಸಿರು, ಕಪ್ಪು ಬಣ್ಣದ ಕೆನೆ ಕಟ್ಟಿತು. ಅವರ ನೀರು ಹಾಗೇ ಇತ್ತು. "ನೋಡ್ರಿ ಅಕ್ಕಾರ, ಇಷ್ಟು ದಿನ ನೀವು ಕುಡಿದಿದ್ದು ಇದನ್ನ" ಎಂದರು. ಅತ್ತೆಗೆ ಅವತ್ತು ಊಟ ಸೇರಲಿಲ್ಲ.

ನನ್ನ ಮಗನಿಗೆ 9 ವರ್ಷ. ಮುಂದಿನ ಹಲ್ಲಿನ ಮೇಲೆ ಕಂದು ಗೆರೆ ಬಿದ್ದಿದೆ. ಫ್ಲೋರೈಡ್‌ನಿಂದ ಅಂತ ಶಾಲೆಗೆ ಬಂದ ಡಾಕ್ಟರ್ ಹೇಳಿದ್ದಾರೆ. ಓಝೋನ್ ಹಾಕಿದರೆ ಅದೂ ಹೋಗುತ್ತದೆ ಎನ್ನುತ್ತಾರೆ ಮಷಿನ್‌ನವರು. ಬೆಲೆ 18 ಸಾವಿರ. ಮಾವ ದುಡ್ಡು ಎತ್ತಿಟ್ಟಿದ್ದಾರೆ. ಶನಿವಾರ ಮತ್ತೆ ಬರುತ್ತಾರಂತೆ. ತಿಳಿದವರು ಹೇಳಿ.

ಎರೆಹೊಲ_ಮಸ್ಕಿ
ಬೇಡ ಅಕ್ಕಾ. ಕೊಡಬೇಡಿ.

ಕೆಮಿಸ್ಟ್ರಿ_ಮೇಷ್ಟ್ರು_ಕೊಪ್ಪಳ
ಮೊದಲು ಆ ಲೋಟದ ವಿಷಯ ಹೇಳುತ್ತೇನೆ. ಅತ್ತೆಯವರಿಗೆ ಓದಿ ಹೇಳಿ, ಅವರು ಊಟ ಮಾಡಲಿ.

ಕೆಂಪಾಗಿದ್ದು ನೀರಿನ ಕೊಳೆ ಅಲ್ಲ. ಆ ಕಡ್ಡಿಯ ಕಬ್ಬಿಣ. ನೀರಿನಲ್ಲಿ ಉಪ್ಪಿನ ಅಂಶ ಇದ್ದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಆಗ ಕಬ್ಬಿಣದ ಕಡ್ಡಿ ಕರಗಿ ನೀರಿಗೆ ಬಿಡುತ್ತದೆ, ಅದು ತುಕ್ಕಾಗಿ ಕೆನೆ ಕಟ್ಟುತ್ತದೆ. ಅವರು ತಂದಿದ್ದು ಆರ್‌ಓ ನೀರು, ಅಂದರೆ ತೆಳು ಪೊರೆಯ ಮೂಲಕ ಒತ್ತಿ ಸೋಸಿದ್ದು. ಅದರಲ್ಲಿ ಉಪ್ಪು ಕಡಿಮೆ, ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ನಂಬಿಕೆ ಬಾರದಿದ್ದರೆ ಶನಿವಾರ ಅವರ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಡ್ಡಿ ಅದ್ದಲು ಹೇಳಿ. ಅದೂ ಕೆಂಪಾಗುತ್ತದೆ. ನಾನು ಹತ್ತನೇ ತರಗತಿ ಮಕ್ಕಳಿಗೆ ಪ್ರತಿ ವರ್ಷ ಇದನ್ನು ಮಾಡಿ ತೋರಿಸುತ್ತೇನೆ.

ಎರಡನೆಯದು ಫ್ಲೋರೈಡ್. ಓಝೋನ್ ಎಂದರೆ ಆಮ್ಲಜನಕವೇ. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು ಜೋಡಿ ಇರುತ್ತವೆ, ಓಝೋನ್‌ನಲ್ಲಿ ಮೂರು. ಆ ಮೂರನೆಯದಕ್ಕೆ ಅಲ್ಲಿ ಸುಮ್ನೆ ಇರಲು ಆಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಬ್ಯಾಕ್ಟೀರಿಯಾದ ಗೋಡೆ, ವಾಸನೆ ಕೊಡುವ ವಸ್ತು, ಬಣ್ಣ, ಕರಗಿದ ಕಬ್ಬಿಣ, ಇವುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಫ್ಲೋರೈಡ್‌ನಲ್ಲಿ ಸುಡಲು ಏನೂ ಉಳಿದಿಲ್ಲ. ಫ್ಲೋರಿನ್ ಓಝೋನ್‌ಗಿಂತಲೂ ಬಲಶಾಲಿ, ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಶಕ್ತಿ ಓಝೋನ್‌ಗೆ ಇಲ್ಲ. ಇಡೀ ದಿನ ಗುಳ್ಳೆ ಬಿಟ್ಟರೂ ಫ್ಲೋರೈಡ್ ಎಷ್ಟಿತ್ತೋ ಅಷ್ಟೇ ಇರುತ್ತದೆ. ಉಪ್ಪು, ನೈಟ್ರೇಟ್, ಗಡಸುತನಕ್ಕೂ ಇದೇ ಮಾತು.

ಹೊಸಬ_ಲಿಂಗಸುಗೂರು
ಕುದಿಸಿದರೆ ಹೋಗುತ್ತಲ್ವಾ ಫ್ಲೋರೈಡ್? ನಮ್ಮ ಮನೆಯಲ್ಲಿ ಕುದಿಸಿಯೇ ಕುಡಿಯುವುದು.

ನರ್ಸಕ್ಕ_ಮಾನ್ವಿ
ಹೋಗುವುದಿಲ್ಲಪ್ಪ. ಜಾಸ್ತಿ ಆಗುತ್ತದೆ. ಕುದಿಯುವಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಭೇದಿ, ಕಾಮಾಲೆ ಬಾರದಿರಲು ಕುದಿಸುವುದು ಒಳ್ಳೆಯದು. ಫ್ಲೋರೈಡ್‌ಗೆ ಅದು ದಾರಿ ಅಲ್ಲ.

ಕುಷ್ಟಗಿ ತಂಗಿ, ಮಗನ ಹಲ್ಲಿನ ಗೆರೆಗೆ ಮಷಿನ್‌ನವರು ಮಾತು ಕೊಡುವುದು ಬೇಡ. ಬಿದ್ದ ಗೆರೆಯನ್ನು ನೀರು ಬದಲಿಸಿ ಅಳಿಸಲು ಆಗುವುದಿಲ್ಲ, ಅದಕ್ಕೆ ಹಲ್ಲಿನ ಡಾಕ್ಟರರನ್ನೇ ಕೇಳಿ. ಆದರೆ ನೀರು ಈಗಲೇ ಬದಲಿಸಿ. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿಯುತ್ತದೆ. ಬೆನ್ನು ಬಗ್ಗಿಸಲು ಆಗದ, ಮೊಣಕಾಲು ಮಡಚಲು ಆಗದ ಹಿರಿಯರನ್ನು ನಮ್ಮ ಕಡೆ ಹಳ್ಳಿಗಳಲ್ಲಿ ನಾನೇ ನೋಡಿದ್ದೇನೆ. ಮನೆಯಲ್ಲಿ ಇನ್ನೂ ಸಣ್ಣ ಮಕ್ಕಳಿದ್ದರೆ ಅವರಿಗೆ ಮೊದಲು ಬದಲಿಸಿ. ಹಲ್ಲು ಒಳಗೆ ತಯಾರಾಗುವ ವಯಸ್ಸಿನಲ್ಲೇ ಅದು ಹಾಳು ಮಾಡುವುದು.

ಕ್ಯಾನ್‌ವಾಟರ್_ಸಿಂಧನೂರು
ನಾನು 11 ವರ್ಷದಿಂದ 20 ಲೀಟರ್ ಕ್ಯಾನ್ ತುಂಬುವ ಘಟಕ ನಡೆಸುತ್ತಿದ್ದೇನೆ. ಮೇಷ್ಟ್ರು ಹೇಳಿದ್ದು ಸರಿ, ಆದರೆ ಇದನ್ನು ಓದಿದವರು ಓಝೋನ್ ಎಂದರೆ ಮೋಸ ಅಂದುಕೊಳ್ಳುವುದು ಬೇಡ. ನಮ್ಮ ಘಟಕದಲ್ಲಿ ಓಝೋನ್ ಇಲ್ಲದೆ ಒಂದು ಕ್ಯಾನೂ ಹೊರಗೆ ಹೋಗುವುದಿಲ್ಲ.

ಫ್ಲೋರೈಡ್, ಉಪ್ಪು ತೆಗೆಯುವುದು ಆರ್‌ಓ. ಓಝೋನ್ ಬರುವುದು ಎಲ್ಲ ಮುಗಿದ ಮೇಲೆ, ತುಂಬುವುದಕ್ಕೆ ಸ್ವಲ್ಪ ಮುಂಚೆ. ಆರ್‌ಓ ಮುಂಚೆ ಬಿಟ್ಟರೆ ಮೆಂಬ್ರೇನ್, ಅಂದರೆ ಆ ಸೋಸುವ ಪೊರೆ, ಸುಟ್ಟು ಹೋಗುತ್ತದೆ. ಸ್ಟೀಲ್ ಟ್ಯಾಂಕಿನಲ್ಲಿ ನೀರು ಸುತ್ತುತ್ತಿರುತ್ತದೆ, ನಡುವೆ ಸೊಂಟ ಸಣ್ಣಗಿರುವ ಒಂದು ತುಂಡು ಇದೆ, ವೆಂಚುರಿ ಅಂತಾರೆ. ಅಲ್ಲಿ ನೀರು ಜೋರಾಗಿ ಓಡುವಾಗ ಗ್ಯಾಸನ್ನು ತಾನೇ ಎಳೆದುಕೊಳ್ಳುತ್ತದೆ. ಲೀಟರಿಗೆ 0.4 ಮಿಲಿಗ್ರಾಂ ಹಿಡಿದು 4 ನಿಮಿಷ ಇಟ್ಟರೆ ಸಾಕು ಎನ್ನುವುದು ನಾವು ಅನುಸರಿಸುವ ಲೆಕ್ಕ. ಆ ನೀರು ಕ್ಯಾನಿಗೆ ಬಿದ್ದಾಗ ಕ್ಯಾನಿನ ಒಳಗೋಡೆ, ಮುಚ್ಚಳದ ಒಳಭಾಗಕ್ಕೂ ತಗಲುತ್ತದೆ. ಕ್ರಿಮಿ ಕೊಲ್ಲುವ ಯುವಿ ದೀಪದ ಬೆಳಕು ಅಲ್ಲಿಗೆ ತಲುಪುವುದಿಲ್ಲ. ಓಝೋನ್‌ನ ದೊಡ್ಡ ಲಾಭ ಇದೇ.

ಗಂಗಾವತಿ_ಭತ್ತ
ಹಾಗಾದರೆ ಕ್ಯಾನ್ ತೆಗೆದ ತಕ್ಷಣ ಔಷಧಿ ವಾಸನೆ ಬರುತ್ತಲ್ಲ, ಅದೇನಾ ಓಝೋನ್? ನಮ್ಮ ಮನೆಯವರು ಅದಕ್ಕೇ ಕ್ಯಾನ್ ನೀರು ಮುಟ್ಟುವುದಿಲ್ಲ.

ಕ್ಯಾನ್‌ವಾಟರ್_ಸಿಂಧನೂರು
ಹೌದು. ತುಂಬಿದ ತಕ್ಷಣ ಕೊಟ್ಟರೆ ಆ ವಾಸನೆ ಇರುತ್ತದೆ. ನಾವು ಸಂಜೆ ತುಂಬಿ ಬೆಳಿಗ್ಗೆ ಗಾಡಿಗೆ ಏರಿಸುತ್ತೇವೆ, ಅಷ್ಟರಲ್ಲಿ ಅದು ಮಾಮೂಲಿ ಆಮ್ಲಜನಕವಾಗಿರುತ್ತದೆ. ಆದರೆ ಮರುದಿನವೂ ಪ್ಲಾಸ್ಟಿಕ್ ವಾಸನೆ, ಪಾಚಿ ವಾಸನೆ ಬಂದರೆ ಅದು ಓಝೋನ್ ಅಲ್ಲ, ಕ್ಯಾನ್ ಸರಿ ತೊಳೆದಿಲ್ಲ ಅಂತ.

ನಿವೃತ್ತ_ಇಂಜಿನಿಯರ್_ರಾಯಚೂರು
ಇಲ್ಲೇ ನಾನು ಒಂದು ಮಾತು ಸೇರಿಸಬೇಕು, ಯಾಕೆಂದರೆ ಓಝೋನ್‌ನ ಗುಣವೂ ಇದೇ, ದೋಷವೂ ಇದೇ. ಅದು ಉಳಿಯುವುದಿಲ್ಲ. 20 ಡಿಗ್ರಿ ನೀರಿನಲ್ಲಿ ಸುಮಾರು 20ರಿಂದ 30 ನಿಮಿಷಕ್ಕೆ ಅರ್ಧ ಮಾಯ. ನಮ್ಮ ಬೇಸಿಗೆಯಲ್ಲಿ ಟ್ಯಾಂಕಿನ ನೀರು ಮುಟ್ಟಿದರೆ ಬಿಸಿ ಇರುತ್ತದೆ. ಅಂಥ ನೀರಿನಲ್ಲಿ ಓಝೋನ್ ಕರಗುವುದೇ ಕಡಿಮೆ, ಕರಗಿದ್ದೂ ಬೇಗ ಹೋಗುತ್ತದೆ.

ಊರಿಗೆ ಪೈಪಿನಲ್ಲಿ ನೀರು ಕೊಡುವಾಗ ಇದು ಸಣ್ಣ ವಿಷಯ ಅಲ್ಲ. ಶುದ್ಧೀಕರಣ ಘಟಕದಲ್ಲಿ ಎಷ್ಟು ಚೆನ್ನಾಗಿ ಮಾಡಿದರೂ ನೀರು ಮೈಲಿಗಟ್ಟಲೆ ಹೋಗಬೇಕು. ದಾರಿಯಲ್ಲಿ ಎಲ್ಲೋ ಪೈಪ್ ಒಡೆದಿರುತ್ತದೆ, ಪಕ್ಕದಲ್ಲೇ ಚರಂಡಿ. ನೀರು ನಿಂತಾಗ ಪೈಪು ಖಾಲಿಯಾಗಿ ಹೊರಗಿನದ್ದನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಕಾಯಲು ನೀರಿನಲ್ಲಿ ಏನಾದರೂ ಇರಬೇಕು. ಅದಕ್ಕೇ ಕ್ಲೋರಿನ್. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಸಿಗಬೇಕು ಎನ್ನುತ್ತದೆ ಐಎಸ್ 10500, ಅಂದರೆ ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ತೀರಿಕೊಂಡಿದ್ದನ್ನು ಈ ಊರಿನವರು ಮರೆತಿಲ್ಲ. ಆ ವರ್ಷ ನಮ್ಮ ಓಣಿಯಲ್ಲಿ ಪ್ರತಿ ಮನೆಯವರೂ ಬಂದು ಕೇಳಿದರು, "ಸರ್, ಇದು ಕುಡಿಯಬಹುದಾ?" ಅಂತ. ನಾನು ಕ್ಲೋರಿನ್ ಅಳೆಯುವ ಕಿಟ್, ಕ್ಲೋರೋಸ್ಕೋಪ್, ಹಿಡಿದು ನಲ್ಲಿಯಿಂದ ನಲ್ಲಿಗೆ ಹೋದೆ. ಎರಡು ಹನಿ ಹಾಕಿದರೆ ನೀರು ಹಳದಿ ಆಗಬೇಕು. ಓಣಿಯ ತುದಿಯ ಮೂರು ಮನೆಗಳಲ್ಲಿ ಬಣ್ಣ ಏಳಲೇ ಇಲ್ಲ.

ಓಝೋನ್ ಬಳಸುವ ದೊಡ್ಡ ನಗರಗಳೂ ಅದೊಂದನ್ನೇ ನಂಬಿಕೊಂಡು ಪೈಪಿಗೆ ನೀರು ಬಿಡುವುದು ಅಪರೂಪ. ಕೊನೆಯಲ್ಲಿ ಸ್ವಲ್ಪ ಕ್ಲೋರಿನ್ ಹಾಕುತ್ತಾರೆ.

ಹೊಸಬ_ಲಿಂಗಸುಗೂರು
ಕ್ಲೋರಿನ್ ಹೇಗೂ ಬೇಕೇ ಬೇಕು ಅಂದಮೇಲೆ ಓಝೋನ್ ಯಾಕೆ ಸರ್? ಡಬಲ್ ಖರ್ಚಲ್ವಾ?

ನಿವೃತ್ತ_ಇಂಜಿನಿಯರ್_ರಾಯಚೂರು
ಒಳ್ಳೆಯ ಪ್ರಶ್ನೆ. ಕ್ಲೋರಿನ್‌ಗೆ ಬಗ್ಗದ ಜೀವಿಗಳಿವೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ನೀರಿಗೆ ಸೇರಿತು. ಸುಮಾರು 4 ಲಕ್ಷ ಜನರಿಗೆ ಭೇದಿ. ನೀರಿನಲ್ಲಿ ಕ್ಲೋರಿನ್ ಇತ್ತು, ಆದರೂ ಅದು ಸಾಯಲಿಲ್ಲ. ಅದಕ್ಕೆ ಗಟ್ಟಿ ಚಿಪ್ಪು. ಆಮೇಲೆ ಆ ನಗರ ಓಝೋನ್ ಹಾಕಿಕೊಂಡಿತು. ಹೊಸ ವಿದ್ಯೆಯೇನಲ್ಲ ಇದು. ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದಲೇ ಕುಡಿಯುವ ನೀರಿಗೆ ಓಝೋನ್ ಬಳಸಿದ್ದಾರೆ.

ಎರೆಹೊಲ_ಮಸ್ಕಿ
ಓಝೋನ್ ಪದರ ತೂತಾಗಿದೆ ಅಂತ ಓದಿದ್ದೆವು. ಇಲ್ಲಿ ಮಾಡಿದ ಓಝೋನ್ ಮೇಲೆ ಹೋಗಿ ಮುಚ್ಚಬಹುದಲ್ಲ?

ಕೆಮಿಸ್ಟ್ರಿ_ಮೇಷ್ಟ್ರು_ಕೊಪ್ಪಳ
ಹೋಗುವುದಿಲ್ಲ, ಅಷ್ಟು ಎತ್ತರ ಏರುವಷ್ಟರಲ್ಲಿ ಅದು ಉಳಿದಿರುವುದಿಲ್ಲ. ಅನಿಲ ಎರಡೂ ಕಡೆ ಒಂದೇ. ಮೇಲಿದ್ದರೆ ಬಿಸಿಲಿನ ಕೆಟ್ಟ ಕಿರಣ ತಡೆಯುತ್ತದೆ, ಮೂಗಿನ ಹತ್ತಿರ ಬಂದರೆ ಶ್ವಾಸಕೋಶ ಸುಡುತ್ತದೆ.

ಎರೆಹೊಲ_ಮಸ್ಕಿ
ಮೊದಲ ಮಳೆ ಬಿದ್ದಾಗ ಹೊಲದಿಂದ ಬರುವ ವಾಸನೆಯೂ ಓಝೋನಾ?

ಕೆಮಿಸ್ಟ್ರಿ_ಮೇಷ್ಟ್ರು_ಕೊಪ್ಪಳ
ಅದು ಮಣ್ಣಿನ ವಾಸನೆ, ಮಣ್ಣಿನ ಸೂಕ್ಷ್ಮಜೀವಿಗಳು ಮಾಡಿಟ್ಟದ್ದು. ಓಝೋನ್ ವಾಸನೆ ಬೇರೆ, ಚುರುಕಾಗಿ ಮೂಗಿಗೆ ಬಡಿಯುತ್ತದೆ. ಸಿಡಿಲು ಹೊಡೆದ ಮೇಲೆ ಒಮ್ಮೊಮ್ಮೆ ಬರುತ್ತದೆ. ಹಳೆಯ ಜೆರಾಕ್ಸ್ ಅಂಗಡಿಯಲ್ಲಿ ಮಷಿನ್ ಬಿಸಿಯಾದಾಗ ಬರುತ್ತಿತ್ತಲ್ಲ, ಅದೇ. 1840ರಲ್ಲಿ ಶೋನ್‌ಬೈನ್ ಎಂಬ ವಿಜ್ಞಾನಿ ಇದಕ್ಕೆ ಹೆಸರಿಟ್ಟಿದ್ದೂ 'ವಾಸನೆ ಬರು' ಎನ್ನುವ ಗ್ರೀಕ್ ಪದದಿಂದ. ಸಿಡಿಲು ಮಾಡುವ ಕೆಲಸವನ್ನೇ ಓಝೋನ್ ಮಷಿನ್ ಸಣ್ಣದಾಗಿ ಮಾಡುತ್ತದೆ. ಎರಡು ತಗಡಿನ ನಡುವೆ ಸಾವಿರಾರು ವೋಲ್ಟ್, ಮಧ್ಯೆ ಗಾಳಿ ಹಾಯಿಸುವುದು.

ಕ್ಯಾನ್‌ವಾಟರ್_ಸಿಂಧನೂರು
ಆ ಗಾಳಿ ಒಣಗಿರಬೇಕು ಮೇಷ್ಟ್ರೇ, ಅದನ್ನೂ ಹೇಳಿ. ಮಳೆಗಾಲದಲ್ಲಿ ನಮ್ಮ ಡ್ರೈಯರ್ ಕೆಟ್ಟಿತ್ತು, ನಾನು ಗಮನಿಸಲಿಲ್ಲ. ಹಸಿ ಗಾಳಿ ಹೋದರೆ ಒಳಗೆ ನೈಟ್ರಿಕ್ ಆಸಿಡ್ ಆಗುತ್ತದೆ. ಎರಡು ತಿಂಗಳಿಗೆ ಟ್ಯೂಬ್ ತೆಗೆದು ನೋಡಿದರೆ ಒಳಗೆ ಜಿಗುಟು ಜಿಗುಟು, ಓಝೋನ್ ಮೊದಲಿನ ಅರ್ಧವೂ ಬರುತ್ತಿರಲಿಲ್ಲ. ದೀಪ ಮಾತ್ರ ಹಸಿರು ಉರಿಯುತ್ತಿತ್ತು. ಅಷ್ಟು ದಿನ ಜನರಿಗೆ ಕೊಟ್ಟ ನೀರಿನ ಬಗ್ಗೆ ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ದೀಪ ನಂಬುವುದಿಲ್ಲ, ದಿನಾ ನೀರನ್ನೇ ಪರೀಕ್ಷೆ ಮಾಡುತ್ತೇನೆ.

ಅಕ್ಕಾ, ನಿಮಗೆ ಮಾರಲು ಬಂದ ಡಬ್ಬಿಯಲ್ಲಿ ಡ್ರೈಯರ್ ಇದೆಯಾ ಕೇಳಿ.

ಜೀನ್ಸ್_ಬಳ್ಳಾರಿ
ನೀರಿನವರ ಮಧ್ಯೆ ನಾನು ಬಟ್ಟೆಯವನು. ಆದರೂ ಹೇಳಲೇಬೇಕು. ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಕೆಲಸ ಮಾಡುತ್ತೇನೆ. ಬಣ್ಣ ಮಸುಕು ಮಾಡಲು ಮೊದಲು ಬ್ಲೀಚು, ಕಲ್ಲು ಹಾಕುತ್ತಿದ್ದೆವು. ಈಗ ನಾನಿರುವಲ್ಲಿ ಓಝೋನ್ ಮಷಿನ್ ಇದೆ. ದೊಡ್ಡ ಡ್ರಮ್ಮು, ಬಾಗಿಲು ಬಿಗಿ. ಒದ್ದೆ ಪ್ಯಾಂಟು ಹಾಕಿ ಗ್ಯಾಸ್ ಬಿಟ್ಟರೆ ಕಡು ನೀಲಿ ಇದ್ದದ್ದು ಆಕಾಶದ ಬಣ್ಣಕ್ಕೆ ಬರುತ್ತದೆ. ನೀರೂ ಕಡಿಮೆ ಸಾಕು. ಇಂಡಿಗೋ ಬಣ್ಣವನ್ನು ಅದು ತುಂಡು ಮಾಡುತ್ತದಂತೆ.

ಕೆಮಿಸ್ಟ್ರಿ_ಮೇಷ್ಟ್ರು_ಕೊಪ್ಪಳ
ತಮ್ಮಾ, ನೀನು ಹೊರಗಿನವನಲ್ಲ. ನೀರಿನಲ್ಲಿ ಓಝೋನ್ ಎಷ್ಟಿದೆ ಎಂದು ಲ್ಯಾಬಿನಲ್ಲಿ ಅಳೆಯುವುದೂ ಇಂಡಿಗೋ ಜಾತಿಯ ನೀಲಿಯಿಂದಲೇ. ನೀಲಿ ದ್ರಾವಣ ಹಾಕುತ್ತಾರೆ, ಓಝೋನ್ ಇದ್ದಷ್ಟೂ ನೀಲಿ ಕಳೆಯುತ್ತದೆ. ಎಷ್ಟು ಕಳೆಯಿತು ಎಂದು ನೋಡಿ ಲೆಕ್ಕ ಹಾಕುತ್ತಾರೆ. ನಿನ್ನ ಡ್ರಮ್ಮಿನಲ್ಲಿ ಪ್ಯಾಂಟಿಗೆ ಆಗುವುದೇ ಅಲ್ಲಿ ಲೋಟದಲ್ಲಿ ಆಗುತ್ತದೆ.

ಕ್ಯಾನ್‌ವಾಟರ್_ಸಿಂಧನೂರು
ಹೌದು ಹೌದು, ನನ್ನ ಕಿಟ್ಟೂ ನೀಲಿಯದೇ! ಇಷ್ಟು ವರ್ಷ ಅದು ಜೀನ್ಸ್ ಬಣ್ಣ ಅಂತ ಗೊತ್ತಿರಲಿಲ್ಲ. ಕ್ಲೋರಿನ್ ನೋಡುವ ಹಳದಿ ಹನಿ ಓಝೋನ್‌ಗೂ ಬಣ್ಣ ಕೊಡುತ್ತದೆ, ಅದಕ್ಕೇ ಗೊಂದಲ ಆಗುತ್ತಿತ್ತು.

ಜೀನ್ಸ್_ಬಳ್ಳಾರಿ
ಖುಷಿ ಆಯಿತು ಸರ್. ಆದರೆ ಎಚ್ಚರಿಕೆ ಮಾತೂ ಇದೆ. ಒಂದು ಸಲ ಬಾಗಿಲಿನ ರಬ್ಬರ್ ಬಿರುಕು ಬಿಟ್ಟಿತ್ತು. ಗ್ಯಾಸ್ ಸೋರುತ್ತಿತ್ತು. ಮೊದಲ ಹತ್ತು ನಿಮಿಷ ವಾಸನೆ ಬಂತು, ಆಮೇಲೆ ಮೂಗಿಗೆ ಅಭ್ಯಾಸವಾಗಿ ಗೊತ್ತೇ ಆಗಲಿಲ್ಲ. ಸಂಜೆಗೆ ಇಬ್ಬರಿಗೆ ಒಣ ಕೆಮ್ಮು, ಎದೆ ಬಿಗಿತ, ತಲೆನೋವು. ಮೂರು ದಿನ ಬೇಕಾಯಿತು ಸರಿಯಾಗಲು.

ಕ್ಯಾನ್‌ವಾಟರ್_ಸಿಂಧನೂರು
ಮಾಮೂಲಿ ರಬ್ಬರ್ ಓಝೋನ್‌ಗೆ ತಡೆಯುವುದಿಲ್ಲ ತಮ್ಮಾ, ಸೀಳಿ ಹೋಗುತ್ತದೆ. ಟೆಫ್ಲಾನ್, ಸಿಲಿಕೋನ್, ವೈಟಾನ್ ಇವೇ ಬೇಕು. ಇನ್ನೊಂದು, ಓಝೋನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಹತ್ತಿರ ಕೂರುತ್ತದೆ. ನಮ್ಮಲ್ಲಿ ಎಕ್ಸಾಸ್ಟ್ ಫ್ಯಾನ್ ಮೊದಲು ಸೂರಿನ ಹತ್ತಿರ ಇತ್ತು, ಈಗ ಮೊಣಕಾಲಿನ ಎತ್ತರಕ್ಕೆ ಇಳಿಸಿದ್ದೇನೆ. ಕೆಲಸದ ಜಾಗದ ಗಾಳಿಯಲ್ಲಿ 0.1 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ 0.1 ಭಾಗ, ದಾಟಬಾರದು.

ನರ್ಸಕ್ಕ_ಮಾನ್ವಿ
ಅಷ್ಟೆಲ್ಲ ಎಚ್ಚರಿಕೆ ಬೇಕಾದ ಗ್ಯಾಸನ್ನು ಅಡುಗೆಮನೆಯಲ್ಲಿ, ಮಕ್ಕಳು ಓಡಾಡುವ ಕಡೆ, ತೆರೆದ ಕೊಡಕ್ಕೆ ಬಿಡುವುದು! ಕರಗದ ಗ್ಯಾಸ್ ಎಲ್ಲ ಮನೆಯೊಳಗೇ ತಾನೇ ಬರುವುದು? ಉಬ್ಬಸ ಇರುವವರು ಇದ್ದರೆ ಗತಿ ಏನು?

ಜೋಳದರೊಟ್ಟಿ_ಕುಷ್ಟಗಿ
ನಮ್ಮ ಮಾವನಿಗೆ ಉಬ್ಬಸ ಇದೆ ಅಕ್ಕಾ.

ನರ್ಸಕ್ಕ_ಮಾನ್ವಿ
ಹಾಗಾದರೆ ಬೇಡವೇ ಬೇಡ. ಅವರಿಗೆ ಇದನ್ನು ಮೊದಲು ಹೇಳಿ.

ಸಂಡೂರು_ಗುಡ್ಡ
ತಡವಾಗಿ ಬಂದೆ. ಕುಷ್ಟಗಿಯದ್ದು ಫ್ಲೋರೈಡ್ ತಕರಾರು, ನಮ್ಮ ತೋಟದ ಬೋರಿನದ್ದು ಕಬ್ಬಿಣ. ಅಲ್ಲಿ ಓಝೋನ್ ಕೆಲಸ ಮಾಡಿದೆ, ಆದರೆ ಸುಲಭವಾಗಿ ಅಲ್ಲ. ನೀರು ಬರುವಾಗ ತಿಳಿಯಾಗಿರುತ್ತದೆ, ಒಂದು ಗಂಟೆ ಬಿಟ್ಟರೆ ಕೆಂಪು. ಓಝೋನ್ ಹಾಕಿಸಿದ ಮೊದಲ ದಿನ ನೀರು ಇನ್ನೂ ಕೆಂಪಾಯಿತು, ಹಾಕಿದವರ ಜೊತೆ ಜಗಳವೇ ಆಯಿತು. ಆಮೇಲೆ ತಿಳಿಯಿತು. ಕರಗಿದ ಕಬ್ಬಿಣವನ್ನು ಅದು ತುಕ್ಕು ಮಾಡುತ್ತದೆ ಅಷ್ಟೇ, ಹೊರಗೆ ಎಸೆಯುವುದಿಲ್ಲ. ಹಿಂದೆ ಮರಳಿನ ಫಿಲ್ಟರ್ ಇರಲೇಬೇಕು. ಅದನ್ನು ಹಾಕಿಸಿ, ವಾರಕ್ಕೊಮ್ಮೆ ಉಲ್ಟಾ ನೀರು ಬಿಟ್ಟು ತೊಳೆಯುತ್ತೇವೆ.

ಒಂದು ಸಲ ಓಝೋನ್ ಜಾಸ್ತಿ ಇಟ್ಟಾಗ ನೀರು ತೆಳು ಗುಲಾಬಿ ಆಯಿತು. ಹೆದರಿ ಮಷಿನ್ ಬಂದ್ ಮಾಡಿದೆವು.

ಕೆಮಿಸ್ಟ್ರಿ_ಮೇಷ್ಟ್ರು_ಕೊಪ್ಪಳ
ಅದು ಮ್ಯಾಂಗನೀಸ್. ಅತಿಯಾದ ಓಝೋನ್ ಸಿಕ್ಕರೆ ಅದು ಪರ್ಮಾಂಗನೇಟ್ ಆಗುತ್ತದೆ, ಬಾವಿಗೆ ಹಾಕುತ್ತಿದ್ದ ನೇರಳೆ ಪುಡಿ ಇದೆಯಲ್ಲ, ಅದೇ. ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸ್ ಅದಿರು ಇದೆಯಲ್ಲ, ನೀರಿನಲ್ಲಿ ಕಂಡರೆ ಆಶ್ಚರ್ಯವಿಲ್ಲ. ಓಝೋನ್ ಕಡಿಮೆ ಮಾಡಿದ್ದು ಸರಿ.

ಗಂಗಾವತಿ_ಭತ್ತ
ಓಝೋನ್ ಹಾಕಿದ ನೀರಿನಿಂದ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ?

ನಿವೃತ್ತ_ಇಂಜಿನಿಯರ್_ರಾಯಚೂರು
ಪೂರ್ತಿ ಸುಳ್ಳೂ ಅಲ್ಲ, ಹೆದರುವಷ್ಟೂ ಅಲ್ಲ. ನೀರಿನಲ್ಲಿ ಬ್ರೋಮೈಡ್ ಎಂಬ ಲವಣ ಇದ್ದರೆ ಓಝೋನ್ ಅದನ್ನು ಬ್ರೋಮೇಟ್ ಮಾಡುತ್ತದೆ. ಬ್ರೋಮೇಟ್ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ ಹೇಳಿದೆ. ಆರ್‌ಓ ಆದ ಮೇಲೆ, ಹದವಾಗಿ ಓಝೋನ್ ಬಿಟ್ಟರೆ ಈ ತೊಂದರೆ ಕಡಿಮೆ. ಉಪ್ಪುಪ್ಪು ಬೋರ್ ನೀರಿಗೆ ನೇರವಾಗಿ, ಅಳತೆ ಇಲ್ಲದೆ ಬಿಟ್ಟರೆ ಅಪಾಯ ಜಾಸ್ತಿ. ಕುಷ್ಟಗಿಗೆ ಬಂದ ಡಬ್ಬಿ ಮಾಡುವುದು ಇದನ್ನೇ.

ಜೋಳದರೊಟ್ಟಿ_ಕುಷ್ಟಗಿ
ಎಲ್ಲ ಓದಿದೆ. ಹಾಗಾದರೆ ನಾನು ಏನು ಮಾಡಲಿ? ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ, 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಆದರೆ ಅದು ಆರ್‌ಓ ನೀರು, ಸತ್ವ ಇಲ್ಲ ಅಂತ ಅತ್ತೆ ಬೇಡ ಎನ್ನುತ್ತಾರೆ.

ನಿವೃತ್ತ_ಇಂಜಿನಿಯರ್_ರಾಯಚೂರು
ತಂಗಿ, ಮೊದಲು ಅಳೆಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಮೇಲೆ ಬೇಡ. ಪಂಚಾಯಿತಿಯಲ್ಲಿ ಪರೀಕ್ಷೆ ಕಿಟ್ ಇರಬೇಕು. ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಿಂದ ಐದು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಲ್ಲಿ ಯಾರು ಅಂತ ಕೇಳಿ. ಮನೆಯ ಬೋರ್, ಘಟಕದ ನೀರು, ಎರಡನ್ನೂ ತೆಗೆದುಕೊಂಡು ಹೋಗಿ. ಮೆಂಬ್ರೇನ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ ಘಟಕಗಳೂ ಇರುತ್ತವೆ, ಹೆಸರಿಗೆ ಶುದ್ಧ ಅಂತ ನಂಬಬೇಡಿ.

ಸತ್ವದ ಮಾತಿಗೆ, ಅದು ಊಟದಿಂದ ಬರುತ್ತದೆ ಎಂದು ಅತ್ತೆಯವರಿಗೆ ಹೇಳಿ.

ಎರೆಹೊಲ_ಮಸ್ಕಿ
ಸೊಪ್ಪು, ಹಾಲು ಜಾಸ್ತಿ ಕೊಡಿ ಮಗನಿಗೆ. ನಮ್ಮ ಕಡೆ ಒಬ್ಬರು ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುತ್ತಿದ್ದರು.

ನಿವೃತ್ತ_ಇಂಜಿನಿಯರ್_ರಾಯಚೂರು
ಅದು ನಲ್ಗೊಂಡ ವಿಧಾನ. ನಾಗಪುರದ ನೀರಿ (NEERI) ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದು. ಕೆಲಸ ಮಾಡುತ್ತದೆ, ಆದರೆ ಅಳತೆ ತಪ್ಪಬಾರದು, ಕೆಳಗೆ ಕೂತ ಕೆಸರನ್ನು ಮನೆ ಮುಂದೆ ಚೆಲ್ಲಬಾರದು. ಫ್ಲೋರೈಡ್ ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಕೂಡ ಇದೆ.

ಜೋಳದರೊಟ್ಟಿ_ಕುಷ್ಟಗಿ
ಭಾನುವಾರ ಬರೆಯುತ್ತಿದ್ದೇನೆ. ಶನಿವಾರ ಅವರು ಬಂದರು. ಮೇಷ್ಟ್ರು ಹೇಳಿದ ಹಾಗೆ ನಾನೇ ಅವರ ಬಾಟಲಿ ನೀರಿಗೆ ಚಿಟಿಕೆ ಉಪ್ಪು ಹಾಕಿದೆ. ಕಡ್ಡಿ ಅದ್ದಿ ಅಂದೆ. ಮೊದಲು ಅದ್ದಲಿಲ್ಲ, "ಅದು ಹಾಗೆ ಮಾಡೋದಲ್ಲ ಅಕ್ಕಾರ" ಎಂದರು. ಅತ್ತೆ ಬಿಡಲಿಲ್ಲ. ಅದ್ದಿದರು. ಕೆಂಪಾಯಿತು. ಬ್ಯಾಗ್ ಕಟ್ಟಿಕೊಂಡು ಹೋದರು.

ಅದಕ್ಕೂ ಮುಂಚೆ, ಶುಕ್ರವಾರ, ನಮ್ಮ ಓಣಿಯ ಒಬ್ಬ ಅಕ್ಕ ಕಿಟ್ ತಂದು ನೋಡಿದ್ದರು. ಸಣ್ಣ ಗಾಜಿನ ಕೊಳವೆ, ಔಷಧಿ ಹಾಕಿ ಬಣ್ಣದ ಕಾರ್ಡಿನ ಪಕ್ಕ ಹಿಡಿಯುವುದು. ಫ್ಲೋರೈಡ್ ಹೆಚ್ಚಿದ್ದಷ್ಟೂ ಗುಲಾಬಿ ಹೋಗಿ ಹಳದಿ ಬರುತ್ತದೆ. ನಮ್ಮ ಬೋರ್ ನೀರು 2ರ ಬಣ್ಣಕ್ಕೆ ಸರಿಯಾಗಿ ಕೂತಿತು, ಪೂರಾ ಹಳದಿ. ಘಟಕದ ನೀರು ಗುಲಾಬಿಯಾಗೇ ಇತ್ತು, 0.5ಕ್ಕೂ ಬರಲಿಲ್ಲ. ಅತ್ತೆ ಎರಡೂ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಇವತ್ತು ಬೆಳಿಗ್ಗೆ ಅವರೇ ಕಾಯಿನ್ ತೆಗೆದುಕೊಂಡು ಮೊಮ್ಮಗನ ಜೊತೆ ಹೋದರು.

ಕ್ಯಾನ್‌ವಾಟರ್_ಸಿಂಧನೂರು
ತುಂಬಾ ಸಂತೋಷ ಅಕ್ಕಾ. ಆ ಘಟಕದ ನೀರಿಗೆ ಕಾಯುವ ಕ್ಲೋರಿನ್ ಇರುವುದಿಲ್ಲ. ಕ್ಯಾನನ್ನು ಪ್ರತಿ ಸಲ ತೊಳೆಯಿರಿ, ಕುತ್ತಿಗೆಯ ಒಳಗೆ ಬ್ರಷ್ ಹಾಕಿ. ಕೈ ಅದ್ದಬೇಡಿ, ನಲ್ಲಿ ಇರುವ ಡಬ್ಬಿ ಇಟ್ಟುಕೊಳ್ಳಿ. ಬಿಸಿಲಿಗೆ ಇಡಬೇಡಿ, ಪಾಚಿ ಕಟ್ಟುತ್ತದೆ.

ಹೊಸಬ_ಲಿಂಗಸುಗೂರು
ನಮ್ಮ ಊರಲ್ಲೂ ಕಿಟ್ ಯಾರ ಹತ್ತಿರ ಇದೆ ಅಂತ ಇವತ್ತೇ ಕೇಳುತ್ತೇನೆ.

ಜೋಳದರೊಟ್ಟಿ_ಕುಷ್ಟಗಿ
ಕೇಳಪ್ಪ. ನಾಳೆ ನಮ್ಮ ಶಾಲೆಯ ನೀರನ್ನೂ ನೋಡುತ್ತಾರಂತೆ, ಬಿಸಿಯೂಟಕ್ಕೆ ಬಳಸುವುದು ಅದನ್ನೇ. ಯಾವ ಬಣ್ಣ ಬಂತು ಅಂತ ಇಲ್ಲೇ ಹಾಕುತ್ತೇನೆ.